ನಾಲ್ಕು ಕಣ್ಣಿನ ಮರಿ

ಮುಧೋಳ ಸೀಮೆಯ ಒಂದು ಊರಿನಲ್ಲಿ ಲಗಮಪ್ಪ ಎಂಬವನು ಬೇಟೆನಾಯಿ ಸಾಕುತ್ತಿದ್ದ. ನಾಯಿಯ ಬಣ್ಣ ನೋಡಿ ಅದರ ತಳಿ ಹೇಳುವುದರಲ್ಲಿ ಅವನದು ಎತ್ತಿದ ಕೈ. ಮರಿ ಕೊಳ್ಳಲು ಬಂದವರಿಗೆ, "ಮೈ ನೋಡ್ರಿ. ಮೈ ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದ.

ಅವನ ಹೆಣ್ಣುನಾಯಿ ಚಂದ್ರಿಯದು ಅಪ್ಪಟ ಗೋಧಿ ಬಣ್ಣ. ಅದು ಬೆದೆಗೆ ಬಂದಾಗ ಲೋಕಾಪುರದ ಗೆಳೆಯನ ಗೋಧಿ ಬಣ್ಣದ ಗಂಡುನಾಯಿಯ ಜೊತೆ ಕೂಡಿಸಿ ತಂದ. ಅದೇ ವಾರ ಹೆಂಡತಿಯ ತಮ್ಮನ ಮದುವೆ. ಬೆದೆ ಇಳಿಯುವವರೆಗೆ ನಾಯಿಯನ್ನು ಹೊರಗೆ ಬಿಡುವಂತಿಲ್ಲ. ಪಕ್ಕದ ಮನೆಯ ಮಾಯಕ್ಕನ ಬಳಿ ಬಿಟ್ಟು ಹೊರಟ. ಮಾಯಕ್ಕ ವಿಧವೆ. ಹೊಲಕ್ಕೆ ಹೋಗುವ ಹೆಂಗಸರ ಕೂಸುಗಳನ್ನು ನೋಡಿಕೊಂಡು ಬದುಕುತ್ತಿದ್ದಳು.

"ಯಕ್ಕಾ, ಬಾಗಿಲಾ ತೆರೀಬ್ಯಾಡ. ಬಸ್‌ಸ್ಟ್ಯಾಂಡಿನ ಆ ಕರೇ ನಾಯಿ ಇಲ್ಲೇ ಸುತ್ತಾಕತ್ತೈತಿ."

"ಹೋಗಿ ಬಾರೋ ತಮ್ಮಾ. ನಾ ಇರೂತನಕ ಇದು ಹೊಸ್ತಿಲಾ ದಾಟೂದಿಲ್ಲ."

ಎರಡು ತಿಂಗಳಿಗೆ ಚಂದ್ರಿ ಐದು ಮರಿ ಹಾಕಿತು. ನಾಲ್ಕು ಗೋಧಿ ಬಣ್ಣ. ಐದನೆಯದು ಕರಿ. ಅದರ ಕಣ್ಣುಗಳ ಮೇಲೆ ಒಂದೊಂದು ಕಂದು ಚುಕ್ಕೆ, ನಾಲ್ಕು ಕಣ್ಣಿದ್ದ ಹಾಗೆ. ಬಸ್‌ಸ್ಟ್ಯಾಂಡಿನ ನಾಯಿಗೂ ಅಂಥವೇ ಚುಕ್ಕೆಗಳಿದ್ದವು. ಲಗಮಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಯಕ್ಕಾ, ಖರೇ ಹೇಳು. ಬಾಗಿಲಾ ತೆರದಿದ್ದಿ, ಹೌದಲ್ಲ?"

"ತೆರದಿಲ್ಲೋ ತಮ್ಮಾ. ತೊಟ್ಟಿಲದಾಗಿನ ಕೂಸಿನ ಆಣಿ."

"ಆಣಿ ಯಾಕ ಬೇಕು? ಮರಿ ಮೈಮ್ಯಾಲೇ ಐತಲ್ಲ ಸಾಕ್ಷಿ!"

ಕರಿ ಮರಿಯನ್ನು ಕುರಿಗಾರರಿಗೆ ಕೊಟ್ಟುಬಿಟ್ಟ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ಯಾರೋ ಮರಿಗಳ ಸುದ್ದಿ ಕೇಳಿದರು. "ಮಾಯಕ್ಕಗ ಒಂದು ನಾಯಿ ಕಾಯಾಕ ಆಗಲಿಲ್ಲ. ನಿಮ್ಮ ಕೂಸು ಹೆಂಗ ಕಾಯ್ತಾಳೋ, ಆ ಶಿವಗ ಗೊತ್ತು!" ಎಂದ ಲಗಮಪ್ಪ. ಎಲ್ಲರೂ ನಕ್ಕರು. ಅವನೂ ನಕ್ಕ.

ನಗು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬಳು ತನ್ನ ಕೂಸನ್ನು ಅತ್ತೆಯ ಬಳಿ ಬಿಟ್ಟಳು. ಇನ್ನೊಬ್ಬಳು ಹೊಲಕ್ಕೇ ಹೊತ್ತೊಯ್ದಳು. ನೋಡನೋಡುತ್ತ ಮಾಯಕ್ಕನ ತೊಟ್ಟಿಲು ಬರಿದಾಯಿತು. ಅವಳು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ.

ಒಂದೂವರೆ ವರ್ಷದ ಮೇಲೆ ಲಗಮಪ್ಪ ಚಂದ್ರಿಯನ್ನು ಮತ್ತೆ ಲೋಕಾಪುರದ ಅದೇ ನಾಯಿಯ ಜೊತೆ ಕೂಡಿಸಿದ. ಈ ಸಲ ಯಾರನ್ನೂ ನಂಬಲಿಲ್ಲ. ತನ್ನ ಮನೆಯ ಕೋಣೆಯಲ್ಲೇ ಕೂಡಿ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಬಸ್‌ಸ್ಟ್ಯಾಂಡಿನ ನಾಯಿಯಂತೂ ಎಂದೋ ಲಾರಿಗೆ ಸಿಕ್ಕು ಸತ್ತಿತ್ತು.

ಮರಿಗಳಾದವು. ಅವುಗಳಲ್ಲಿ ಎರಡು ಕರಿ, ನಾಲ್ಕು ಕಣ್ಣಿನವು.

ಲಗಮಪ್ಪ ಕುಕ್ಕುರುಗಾಲಲ್ಲಿ ಕೂತೇ ಬಿಟ್ಟ. ತಾಯಿಯ ರಕ್ತದಲ್ಲೂ ತಂದೆಯ ರಕ್ತದಲ್ಲೂ ಈ ಬಣ್ಣ ಅಡಗಿತ್ತು. ಎರಡೂ ಕಡೆಯಿಂದ ಬಂದು ಕೂಡಿದ ಮರಿಯಲ್ಲಿ ಮಾತ್ರ ಹೊರಗೆ ಕಾಣುತ್ತಿತ್ತು. ಮೈ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ಅವನು ತಪ್ಪಾಗಿ ಓದಿದ್ದ.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡು ಮರಿಗಳನ್ನು ಕುರಿಗಾರರ ಹಟ್ಟಿಗೆ ಮುಟ್ಟಿಸಿದರೆ ಕಥೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಬುಟ್ಟಿಗೆ ಹಾಕಿ, ಮೇಲೆ ಟವೆಲ್ಲು ಮುಚ್ಚಿ ಹೊರಟ.

ಪಕ್ಕದ ಮನೆಯ ಕಟ್ಟೆಯ ಮೇಲೆ ಮಾಯಕ್ಕ ಜೋಳ ಹಸನು ಮಾಡುತ್ತ ಕೂತಿದ್ದಳು. ಅವನಿಗೆ ಹಾದಿ ಬಿಡಲು ಕಾಲು ಮಡಚಿಕೊಂಡಳು, ಅಷ್ಟೇ.

ಲಗಮಪ್ಪನಿಗೆ ಮುಂದೆ ಹೆಜ್ಜೆ ಏಳಲಿಲ್ಲ. ಬುಟ್ಟಿ ಇಳಿಸಿ ಟವೆಲ್ಲು ತೆಗೆದ.

ಮಾಯಕ್ಕ ಮರಿಗಳನ್ನು ಬಗ್ಗಿ ನೋಡಿದಳು. "ಈ ಸಲ ಬಾಗಿಲಾ ಯಾರು ಕಾದಿದ್ರೋ?"

"ನಾನ."

"ಕೀಲಿ?"

"ನನ್ನ ಉಡದಾರದಾಗ."

"ಹಂಗಾರ ನೀನೂ ತೆರದಿ ಅನ್ನು."

ಅವನು ತಲೆ ಎತ್ತಲಿಲ್ಲ. "ತಪ್ಪಾತು ಯಕ್ಕಾ."

"ನನ್ನ ಮುಂದ ಯಾಕ ಹೇಳ್ತಿ? ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರು ಗಿರಣಿಯಾಗ ಅದಾರ."

ಬುಟ್ಟಿ ಹೊತ್ತು ಗಿರಣಿಗೆ ಹೋದ. ಗದ್ದಲದಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಯಂತ್ರ ನಿಲ್ಲಿಸಲು ಸನ್ನೆ ಮಾಡಿದ. ಹಿಟ್ಟು ಮೆತ್ತಿದ ಮುಖಗಳೆಲ್ಲ ಇವನ ಕಡೆ ತಿರುಗಿದವು. ಮರಿಗಳನ್ನು ತೋರಿಸಿದ. "ಮಾಯಕ್ಕ ಬಾಗಿಲಾ ತೆರದಿರಲಿಲ್ಲ. ನಾ ಆಡಿದ್ದು ಸುಳ್ಳು" ಎಂದ.

"ಅಂದ್ರ ನಿನ್ನ ಜಾತಿ ನಾಯಿ ಹೊಟ್ಟ್ಯಾಗ ಕರೇ ನಾಯಿ ಐತಿ ಅನ್ನು ಲಗಮಪ್ಪಣ್ಣ!" ಎಂದೊಬ್ಬ ಛೇಡಿಸಿದ. ಈ ಸಲವೂ ಎಲ್ಲರೂ ನಕ್ಕರು.

"ಐತಿ. ಮೊದಲಿಂದನೂ ಇತ್ತು. ನನಗ ಕಂಡಿರಲಿಲ್ಲ."

ಮರುದಿನ ಬೆಳಿಗ್ಗೆ ಒಬ್ಬ ತಾಯಿ ತನ್ನ ಹಸುಗೂಸನ್ನು ಮಾಯಕ್ಕನ ತೊಟ್ಟಿಲಲ್ಲಿ ಮಲಗಿಸಿ ಹೊಲಕ್ಕೆ ಹೋದಳು. ಹಿಂದೆ ಅಲ್ಲಿ ಆಡುತ್ತಿದ್ದ ಮಕ್ಕಳು ಮಾತ್ರ ತಿರುಗಿ ಬರಲಿಲ್ಲ. ಅವರು ಆಗಲೇ ದೊಡ್ಡವರಾಗಿ ಅಂಗನವಾಡಿಗೆ ಹೋಗುತ್ತಿದ್ದರು. ಮಾಯಕ್ಕನ ಕಟ್ಟೆಯ ಮುಂದೆಯೇ ಅವರ ಹಾದಿ. ಅವರಲ್ಲಿ ಒಬ್ಬರಿಗೂ ಅವಳ ಗುರುತು ಇರಲಿಲ್ಲ. ಲಗಮಪ್ಪ ತನ್ನ ಬಾಗಿಲಲ್ಲಿ ನಿಂತು ದಿನವೂ ಅದನ್ನು ನೋಡಬೇಕಾಯಿತು.

ನೀತಿ: ಕಣ್ಣಿಗೆ ಕಂಡ ಗುರುತು ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಒಬ್ಬರ ಹೆಸರನ್ನು ನಾಲ್ಕು ಜನರ ಮುಂದೆ ಕೆಡಿಸಿದವನು ತನ್ನ ತಪ್ಪನ್ನೂ ಆ ನಾಲ್ಕು ಜನರ ಮುಂದೆಯೇ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡರೂ ಕಳೆದ ಕಾಲ ಮರಳದು. ಆದ್ದರಿಂದ ಆಡುವ ಮೊದಲೇ ಯೋಚಿಸಬೇಕು.