ಅಗಸ್ತ್ಯನಿಗಾಗಿ ಹಚ್ಚಿದ ಬೆಂಕಿ

ಸುತ್ತಲೂ ಬೆಟ್ಟ, ನಡುವೆ ಬಟ್ಟಲಿನ ತಳದಂತೆ ಪಟ್ಟಣ. ಮಳೆಗಾಲದಲ್ಲಿ ಕಲಕಿದ ಹೊಳೆ ಅಗಸ್ತ್ಯ ನಕ್ಷತ್ರ ಮೊದಲು ಕಂಡ ದಿನದಿಂದ ತಿಳಿಯಾಗುತ್ತದೆಂದು ಅಲ್ಲಿಯವರ ನಂಬಿಕೆ. ಆ ದಿನ ಯಾವುದೆಂದು ಹೇಳುವವರು ಬಡಗಣ ಬೆಟ್ಟದ ಗುರು ಮರುಳಯ್ಯ. ನಸುಕಿನಲ್ಲಿ ನಕ್ಷತ್ರ ಕಂಡೊಡನೆ ಬೆಟ್ಟದ ಮೇಲೆ ಬೆಂಕಿ ಹಚ್ಚುತ್ತಾರೆ. ಕೆಳಗೆ ನಗಾರಿ ಬಾರಿಸುತ್ತಾರೆ. ಜನ ಕೊಡ ಹಿಡಿದು ಹೊಳೆಗಿಳಿಯುತ್ತಾರೆ.

ಗುರುವಿನ ಕಣ್ಣು ಮಂಜಾಗಿತ್ತು. ಆ ವರ್ಷ ನೋಡುವ ಕೆಲಸ ಶಿಷ್ಯೆ ಸಂಕವ್ವನದಾಯಿತು.

ಮೊದಲ ನಸುಕಿನಲ್ಲೇ ತೆಂಕಣ ಬೆಟ್ಟದ ನೆತ್ತಿಯಲ್ಲಿ ಬೆಳಕು ಮಿನುಗಿತು. ಸಂಕವ್ವ ಬೆಂಕಿ ಹಚ್ಚಿದಳು. ನಗಾರಿ ಮೊಳಗಿತು.

ಬೆಳಗಾದ ಮೇಲೆ ಆ ನೆತ್ತಿಯಲ್ಲಿ ಹೊಗೆ ಕಂಡಿತು. ಕುರಿಗಾಹಿಯೊಬ್ಬ ಚಳಿಗೆ ಹಚ್ಚಿದ್ದ ಬೆಂಕಿ ಅದು.

ಕೊಡದ ತುಂಬ ಕೆಸರು ಹೊತ್ತು ತಂದ ಹೆಂಗಸರು ಸುಮ್ಮನಿರುತ್ತಾರೆಯೇ?

“ಸಂಕವ್ವನ ನಕ್ಷತ್ರಕ್ಕೆ ಹಸಿವಂತೆ ಕಣ್ರೇ, ಬೆಟ್ಟದ ಮೇಲೆ ಕೂತು ರೊಟ್ಟಿ ಸುಡ್ತಿದೆ!”

ಪಟ್ಟಣದ ಯಜಮಾನ ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದ. “ಇನ್ನೊಂದು ಸಲ ಹೀಗಾದರೆ ಇವಳನ್ನು ಕೆಳಗಿಳಿಸಿ, ಅಯ್ಯನವರೇ. ಬೇರೆಯವರನ್ನು ಕೂರಿಸುತ್ತೇವೆ.”

ಅವನು ಹೋದ ಮೇಲೆ ಸಂಕವ್ವ ಕೇಳಿದಳು, “ಅಯ್ಯಾ, ನಾನೇ ಇಳಿದು ಹೋಗಲೇ?”

“ದಾರಿ ಗೊತ್ತಿಲ್ಲವೆಂದು ಕೇಳುತ್ತಿದ್ದೀಯಾ?”

ಅವಳಿಗೆ ರೋಷ ಬಂತು. “ಇಳಿಯುವುದಿಲ್ಲ. ಬೆಂಕಿ ಯಾವುದು, ನಕ್ಷತ್ರ ಯಾವುದು, ಅದನ್ನು ಹೇಳಿಕೊಡಿ.”

“ಕುರಿಗಾಹಿಯ ಬೆಂಕಿ ಕೂತಲ್ಲೇ ಕೂತಿರುತ್ತದೆ. ನೀನು ಕೂರಲಿಲ್ಲ.”

ಮರುದಿನದಿಂದ ಸಂಕವ್ವ ಕಂಬಳಿ ಹೊದ್ದು ಕೂತಳು. ಹತ್ತು ದಿನ ಮೋಡ, ಮಂಜು, ಮತ್ತೆ ಮೋಡ.

ಹನ್ನೊಂದನೆಯ ದಿನ ತೆಂಕಣ ಬೆಟ್ಟದಂಚಿನಲ್ಲಿ ಬೆಳಕೊಂದು ಮೂಡಿತು. ಅವಳ ಕೈ ಕೊಳ್ಳಿಯತ್ತ ಹೋಯಿತು. ಹಿಂದಕ್ಕೆಳೆದುಕೊಂಡಳು.

“ಏನು ಕಂಡೆ?” ಗುರು ಕೇಳಿದರು.

“ಬೆಳಕು.”

“ಎಂಥ ಬೆಳಕು?”

“ಇನ್ನೂ ಗೊತ್ತಿಲ್ಲ, ಅಯ್ಯಾ.”

ಮೂಡಣ ದಿಕ್ಕು ಬೆಳ್ಳಗಾಗತೊಡಗಿತು. ಹೊತ್ತು ಮೀರಿದರೆ ನಕ್ಷತ್ರವೂ ಕಾಣದು, ಹಚ್ಚಿದ ಬೆಂಕಿಯೂ ಕೆಳಗಿನವರಿಗೆ ಕಾಣದು. ನಕ್ಷತ್ರ ಕಾಣುವ ಮೊದಲ ದಿನ ಕೈತಪ್ಪಿದರೆ ಅದಕ್ಕೂ ಬೈಗುಳ ಅವಳಿಗೇ. ಆದರೂ ಸಂಕವ್ವ ಕದಲಲಿಲ್ಲ. ಕಣ್ಣಲ್ಲಿ ನೀರು ತುಂಬಿದರೂ ರೆಪ್ಪೆ ಬಡಿಯಲಿಲ್ಲ.

ಬೆಳಕು ಬೆಟ್ಟವನ್ನು ಬಿಟ್ಟಿತು. ನಡುವೆ ಒಂದು ಬೆರಳಷ್ಟು ಆಕಾಶ.

“ಅಗಸ್ತ್ಯ!” ಎಂದು ಕೂಗಿ ಬೆಂಕಿ ಹಚ್ಚಿದಳು.

ಉರಿ ಆಳೆತ್ತರಕ್ಕೆ ಎದ್ದಿತು. ಕೆಳಗೆ ಪಟ್ಟಣ ಮಿಸುಕಲಿಲ್ಲ. ನಗಾರಿ ಇಲ್ಲ. ಯಾವುದೋ ಒಂದು ಮನೆಯಲ್ಲಿ ದೀಪ ಹತ್ತಿತು, ಆರಿತು.

“ಅಯ್ಯಾ, ಯಾರೂ ನಂಬಲಿಲ್ಲ.”

ಮರುಳಯ್ಯ ನೆಲ ತಡವಿ ಸೌದೆಯೊಂದನ್ನು ಎತ್ತಿ ಅವಳ ಕೈಗಿಟ್ಟರು.

“ಅವರನ್ನು ಕೇಳಿ ಹುಟ್ಟಿದನೇ ಅಗಸ್ತ್ಯ? ಹಾಕು, ಉರಿ ತಗ್ಗದಿರಲಿ.”