ಅವ್ವಾರು ಪರೀಕ್ಷೆಗೆ ಕಟ್ಟಿದ ವರ್ಷ

ಮಲಪ್ರಭೆಯ ದಂಡೆಯ ನಮ್ಮ ತುಪ್ಪದಗಟ್ಟಿಯಲ್ಲಿ ಪೂಜ್ಯ ಮಾತೋಶ್ರೀ ನಿಜಗುಣಮ್ಮನವರು ಮೂವತ್ತು ವರ್ಷ ನೆಲೆಸಿದ್ದರು. ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ತಗಡಿನ ಚಪ್ಪರ. ಪೀಠವಿರಲಿಲ್ಲ, ಪಲ್ಲಕ್ಕಿಯೂ ಇರಲಿಲ್ಲ. ಜೋಳ ಹಸನು ಮಾಡುತ್ತಲೇ ಬಂದವರ ಕಷ್ಟ ಕೇಳುತ್ತಿದ್ದರು. ಊರಿಗೆಲ್ಲ ಅವರು ಅವ್ವಾರು. ಅವರ ಕೃಪೆಯಿಂದ ನನ್ನ ಬಾಳಿನಲ್ಲಿ ನಡೆದದ್ದನ್ನು, ಅರವತ್ತು ದಾಟಿದ ನಾನು ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ನನ್ನ ಅಪ್ಪ ಅಡಿವೆಪ್ಪ ಊರಿನ ಅಂಚೆಯವ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮೊದಲ ಬಸ್ಸಿಗೆ ಪತ್ರಿಕೆ ತರಿಸಿ, ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಪಾಸಾದವರ ನಂಬರು ಓದುವವನು ಅವನೇ. ನಾನು ಬರೆದ ವರ್ಷವೂ ಓದಿದ. ನನ್ನ ನಂಬರು ಇರಬೇಕಾದ ಕಡೆ ಅವನ ಬೆರಳು ನಿಂತಿತು. ಮೇಲಿನಿಂದ ಮತ್ತೊಮ್ಮೆ ನೋಡಿದ. ಆಮೇಲೆ ಪತ್ರಿಕೆ ಮಡಚಿ ಬಗಲಲ್ಲಿಟ್ಟುಕೊಂಡು, ಯಾರನ್ನೂ ನೋಡದೆ ಒಳಗೆ ಹೋದ.

ಗಣಿತದಲ್ಲಿ ನನಗೆ ಬಂದದ್ದು ಇಪ್ಪತ್ತೆರಡು. ಎಂಟು ದಿನ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ನನ್ನ ಹೆತ್ತವ್ವನಿಗೆ ಹೇಳಿದ, "ಸಾಲಿ ಸಾಕು. ನಿಮ್ಮಣ್ಣನ ಮಗಗ ಕೊಟ್ಟು ಕೈ ತೊಳಕೊಳ್ಳೂಣು."

ಅಪ್ಪನಿಗೆ ಮಠದ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಟಪಾಲು ಕೊಟ್ಟು ಹೊಸ್ತಿಲಿಂದಲೇ ತಿರುಗುವವ. ಲಗ್ನಕ್ಕೆ ದಿನ ಕೇಳಬೇಕೆಂಬ ನನ್ನವ್ವನ ಹಟಕ್ಕೆ ನಮ್ಮಿಬ್ಬರನ್ನೂ ಮಠಕ್ಕೆ ಕರೆದುಕೊಂಡು ಹೋದ.

"ಅವ್ವಾರ, ಮಗಳ ಲಗ್ನಾ ಮಾಡಬೇಕಂತ ಮಾಡೇನ್ರಿ. ಒಂದು ಚಲೋ ದಿವಸಾ ಹೇಳ್ರಿ."

ಅವ್ವಾರು ನನ್ನನ್ನು ನೋಡಿದರು. "ದಾಕ್ಷಾಯಣಿ, ನಿನಗೇನು ಮಾಡಬೇಕನಸ್ತೈತಿ?"

ಅಷ್ಟು ದಿನಗಳಲ್ಲಿ ಯಾರೂ ಕೇಳದ ಮಾತು ಅದು. "ಇನ್ನೊಮ್ಮೆ ಪರೀಕ್ಷಾಕ್ಕ ಕಟ್ಟತೀನ್ರಿ" ಎಂದೆ.

"ಏನು ಕಟ್ಟತಾಳ್ರಿ!" ಅಪ್ಪ ಸಿಡುಕಿದ. "ಗಣಿತ ಅಕಿ ತಲಿಗೆ ಹತ್ತೂದಿಲ್ಲ. ಮತ್ತ ಫೇಲಾದ್ರ ನಾ ಮಂದ್ಯಾಗ ಹೆಂಗ ತಿರಗ್ಯಾಡ್ಲಿ?"

ಅವ್ವಾರು ಮೊರವನ್ನು ಪಕ್ಕಕ್ಕಿಟ್ಟರು. "ಅಡಿವೆಪ್ಪಾ, ಎರಡು ಫಾರ್ಮ್ ತೊಗೊಂಡು ಬಾ. ಒಂದು ಅಕಿಗೆ, ಒಂದು ನನಗ."

ಅಪ್ಪ ಚೇಷ್ಟೆಯೆಂದು ನಕ್ಕ. ಅವ್ವಾರು ನಗಲಿಲ್ಲ. ಆಗ ಅವರಿಗೆ ಐವತ್ತನಾಲ್ಕು. ಕಲಿತದ್ದು ಶಾಲೆಯ ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ವಯಸ್ಸಾದವರು ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದಿತ್ತು. ಅವರ ಮಾತು ಮೀರಲಾರದೆ ಅಪ್ಪ ಫಾರ್ಮ್ ತಂದ. ಲಗ್ನದ ಮಾತು ಅಲ್ಲಿಗೆ ನಿಂತಿತು.

ಆ ನಾಲ್ಕು ತಿಂಗಳನ್ನು ನೆನೆದರೆ ಇಂದಿಗೂ ಎದೆ ತುಂಬಿ ಬರುತ್ತದೆ. ಮಧ್ಯಾಹ್ನ ಚಪ್ಪರದಡಿ ಗೋಣಿತಟ್ಟು ಹಾಸಿಕೊಂಡು ನಾವಿಬ್ಬರೂ ಕೂಡುತ್ತಿದ್ದೆವು. ನಮ್ಮ ಶಾಲೆಯ ಗಣಿತದ ಮಾಸ್ತರರು ಬಂದು ಕಲಿಸುತ್ತಿದ್ದರು. ಅವ್ವಾರ ಕಾವಿ ಸೆರಗಿಗೆಲ್ಲ ಮಸಿಯ ಕಲೆ. ದರ್ಶನಕ್ಕೆ ಯಾರಾದರೂ ಬಂದರೆ, "ಕುಂದರ್ರಿ, ನಮ್ಮ ಲೆಕ್ಕ ಮುಗೀಲಿ" ಎನ್ನುತ್ತಿದ್ದರು. ಒಂದೊಂದು ಲೆಕ್ಕಕ್ಕೆ ನಾಲ್ಕು ಸಲ ಕೈ ಮುಗಿದು, "ಮಾಸ್ತರ, ತಿಳೀಲಿಲ್ಲ. ಮತ್ತೊಮ್ಮೆ ಹೇಳ್ರಿ" ಎಂದು ಕೇಳುತ್ತಿದ್ದರು. ಹತ್ತು ವರ್ಷ ಶಾಲೆಯಲ್ಲಿ ಕುಳಿತರೂ ಆ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವರ ಬಗಲಲ್ಲಿ ಕುಳಿತು ನಾನು ಮೊದಲು ಕಲಿತದ್ದು ಅದನ್ನೇ.

ಅಕ್ಟೋಬರಿನಲ್ಲಿ ತಾಲ್ಲೂಕಿಗೆ ಹೋಗಿ ಪರೀಕ್ಷೆ ಬರೆದೆವು. ಅವರನ್ನು ಕಂಡು ಕೊಠಡಿಯ ಮೇಲ್ವಿಚಾರಕರು ಕುರ್ಚಿ ಬಿಟ್ಟೆದ್ದರು. "ಕುಂದರ್ರೀಪಾ, ಇಲ್ಲೆ ನೀವ ದೊಡ್ಡವರು" ಎಂದು ಅವ್ವಾರು ತಮ್ಮ ಬೆಂಚು ಹುಡುಕಿಕೊಂಡು ಹೋದರು.

ಫಲಿತಾಂಶದ ದಿನ ಕಟ್ಟೆಯ ಮುಂದೆ ಊರೇ ನೆರೆದಿತ್ತು. ನನ್ನ ನಂಬರನ್ನು ಅಪ್ಪ ಎರಡು ಸಲ ಓದಿದ. ಆಮೇಲೆ ಅವ್ವಾರ ನಂಬರು ಹುಡುಕಿದ, ಇರಲಿಲ್ಲ.

ಅಪ್ಪ ಪತ್ರಿಕೆ ಹಿಡಿದು ಮಠಕ್ಕೆ ನಡೆದ, ಹಿಂದೆ ನಾನು. ಅವ್ವಾರು ಕಾಳು ಆರಿಸುತ್ತಿದ್ದರು.

"ದಾಕ್ಷಾಯಣೀದು ಏನಾತು?"

"ಪಾಸಾದಳ್ರಿ."

"ಶಿವಾ!" ಎಂದು ಎರಡೂ ಕೈ ಎತ್ತಿ ಮುಗಿದರು. "ನಂದು?"

ಅಪ್ಪ ನೆಲ ನೋಡುತ್ತ ನಿಂತ.

"ತಲಿ ಯಾಕ ತಗ್ಗಿಸ್ತೀ ಅಡಿವೆಪ್ಪಾ? ಫೇಲಾದಾಕಿ ನಾನು. ನನಗ ಇಲ್ಲದ ನಾಚಿಕಿ ನಿನಗ್ಯಾಕ?"

ಅಪ್ಪ ಅಲ್ಲೇ ಕುಳಿತ. ನನ್ನ ಕಡೆ ತಿರುಗಿ, "ಅವತ್ತ ಕಟ್ಟಿ ಮ್ಯಾಲ ನಾ ನಿನ್ನ ಮಾರೀನ ನೋಡಲಿಲ್ಲ, ಮಗಳ" ಎಂದು ಅತ್ತ. ಅವ್ವಾರು ಒಳಗಿನಿಂದ ಬೆಲ್ಲ ತಂದು ನಮ್ಮಿಬ್ಬರಿಗೂ ಹಂಚಿದರು, ತಮಗೂ ಒಂದು ಚೂರು.

ಮುಂದೆ ನಾನು ಕಾಲೇಜು ಕಲಿತು ಶಿಕ್ಷಕಿಯಾದೆ. ಅವ್ವಾರು ಮತ್ತೆರಡು ಸಲ ಕಟ್ಟಿದರು. ಗಣಿತ ಅವರಿಗೆ ಕೊನೆಗೂ ಒಲಿಯಲಿಲ್ಲ. ಶಿವೈಕ್ಯರಾಗುವವರೆಗೂ ಅದನ್ನು ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದರು.

ನಿವೃತ್ತನಾಗುವವರೆಗೆ ಅಪ್ಪನೇ ಪ್ರತಿವರ್ಷ ನಂಬರು ಓದಿದ. ಓದಿ ಮುಗಿಸಿದವನೇ ನಂಬರು ಬಾರದ ಮಕ್ಕಳ ಮನೆಗಳಿಗೆ ಹೊರಡುತ್ತಿದ್ದ. ಪಡಸಾಲೆಯಲ್ಲಿ ಆ ಮಗುವಿನ ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಓಣಿಯವರೆಲ್ಲ ನೋಡಲೆಂದೇ ತನ್ನ ಟಪಾಲಿನ ಸೈಕಲ್ಲನ್ನು ಬಾಗಿಲಿಗೆ ಎದುರಾಗಿ ನಿಲ್ಲಿಸಿರುತ್ತಿದ್ದ.