ಪುಟ್ಟತಾಯಿಯ ದನಿಯ ಗಿಳಿ

"ಒಲೆ ಮೇಲೆ ಹಾಲಿಟ್ಟಿದ್ದೀನಿ. ಉಕ್ಕೋಕೆ ಬಿಡಬೇಡಿ."

ಪುಟ್ಟತಾಯಿ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಗೋಡೆಗೆ ಒರಗಿ ಕೂತಳು. ಮತ್ತೆ ಏಳಲಿಲ್ಲ. ಹಾಲು ಉಕ್ಕಿ ಒಲೆ ಆರಿತು.

ಕೇಳಿ ಮಕ್ಕಳೇ. ಇದು ನಡೆದದ್ದು ಗಿಳಿಗಳು ದಫ್ತರ ಕಾಯುತ್ತಿದ್ದ ಒಂದು ರಾಜ್ಯದಲ್ಲಿ. ಪುಟ್ಟತಾಯಿಯ ಗಂಡ ಚಿಕ್ಕೀರಯ್ಯ. ಹಗ್ಗ ಹೊಸೆಯುವವನು. ಮಾತು ಕಮ್ಮಿ.

ಆ ರಾಜ್ಯದ ರಾಜನಿಗೆ ಓಲೆಗರಿ ಕಂಡರೆ ಆಗುತ್ತಿರಲಿಲ್ಲ. ಗೆದ್ದಲು ತಿನ್ನುತ್ತದೆ, ಬರೆಯುವವರು ತಿದ್ದುತ್ತಾರೆ. ಅದಕ್ಕೆ ಒಂದು ಗಿಳಿಮನೆ ಕಟ್ಟಿಸಿದ. ಮನೆಗೊಂದು ಗಿಳಿ. ಮನೆ ಯಾರದು, ಹಿತ್ತಲು ಯಾರದು, ಬಾವಿ ಯಾರದು, ಎಲ್ಲಾ ಗಿಳಿಗೆ ಕಲಿಸಬೇಕು. ಜೊತೆಗೆ ಒಂದು ಗುಟ್ಟಿನ ಮಾತು ಕಲಿಸಬೇಕು. ಆ ಗುಟ್ಟನ್ನು ಕಿವಿಯಲ್ಲಿ ಹೇಳಿದರೆ ಮಾತ್ರ ಗಿಳಿ ಬಾಯಿ ಬಿಡುತ್ತಿತ್ತು. ಗುಟ್ಟು ಹೇಳಿದವರು ಹಕ್ಕು ಬದಲಿಸು ಅಂದರೆ ಬದಲಿಸುತ್ತಲೂ ಇತ್ತು. ಗಿಳಿ ಹೇಳಿದ್ದೇ ಕಾಯಿದೆ.

ಇನ್ನೊಂದು ಮಾತು. ಹಕ್ಕನ್ನು ಕಲಿಸಿದವರ ದನಿಯೇ ಗಿಳಿಗೆ ಬರುತ್ತಿತ್ತು, ಬೇರೆ ಯಾರು ಏನು ಕಲಿಸಿದರೂ ಅದೇ ದನಿ. ಹಕ್ಕು ಬದಲಾದರೆ ಹಳೆಯ ದನಿ ಹೋಗಿ ಹೊಸಬರ ದನಿ ಬರುತ್ತಿತ್ತು. ಚಿಕ್ಕೀರಯ್ಯನ ಮನೆ ಗಿಳಿಗೆ ಕಲಿಸಿದ್ದು ಪುಟ್ಟತಾಯಿ.

ಗಿಳಿಮನೆಯ ಪಕ್ಕದಲ್ಲಿ ಒಂದು ವಿದ್ಯಾಶಾಲೆ. ಗುಟ್ಟು ಹೇಗೆ ಸೋರುತ್ತದೆ, ಕಳ್ಳನ ತಲೆ ಹೇಗೆ ಓಡುತ್ತದೆ, ಇದನ್ನೇ ಅಲ್ಲಿ ವರ್ಷಗಟ್ಟಲೆ ಓದುತ್ತಿದ್ದರು. ಊರವರು ನಗುತ್ತಿದ್ದರು. "ಕಳ್ಳತನ ಓದೋಕೂ ಪಂಡಿತರು ಬೇಕೇನಪ್ಪ? ನಮ್ಮ ಬೆಕ್ಕನ್ನ ಕರ್ಕೊಂಡು ಹೋಗಿ, ಅದೇ ಕಲಿಸುತ್ತೆ."

ಮನೆಯಲ್ಲಿ ಸಾವಾದರೆ ಹನ್ನೊಂದು ದಿನದೊಳಗೆ ಗುಟ್ಟಿನ ಮಾತು ಬದಲಿಸಬೇಕು. ಅದು ರಾಜನ ಕಟ್ಟಳೆ. ಚಿಕ್ಕೀರಯ್ಯ ಗಿಳಿಮನೆಗೆ ಹೋಗಿ ಗಿಳಿಯ ಮುಂದೆ ನಿಂತ. ಏನು ಹೇಳಬೇಕು? ಅವನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಅದನ್ನೇ ಗಿಳಿಯ ಕಿವಿಯಲ್ಲಿ ಹೇಳಿದ.

"ಒಲೆ ಮೇಲೆ ಹಾಲಿಟ್ಟಿದ್ದೀನಿ. ಉಕ್ಕೋಕೆ ಬಿಡಬೇಡಿ."

ಗಿಳಿ ಕತ್ತು ಕೊಂಕಿಸಿತು. ಪುಟ್ಟತಾಯಿಯ ದನಿಯಲ್ಲಿ ಹೇಳಿತು. "ಈ ಮನೆ, ಹಿತ್ತಲು, ಹೊಂಗೆ ಮರ, ಚಿಕ್ಕೀರಯ್ಯ, ಪುಟ್ಟತಾಯಿ ಇಬ್ಬರದೂ." ಚಿಕ್ಕೀರಯ್ಯ ಮೂರು ಸಲ ಹೇಳಿಸಿ ಕೇಳಿದ. ಆ ಹೊಂಗೆ ಮರದ ಕೆಳಗೇ ಅವಳನ್ನು ಮಣ್ಣು ಮಾಡಿದ್ದು.

ಆಮೇಲೆ ಜನ ಮಾತಾಡಿಸಲು ಬಂದರು. ಸಾವಿನ ಮನೆಗೆ ಬಂದವರು ಕೇಳುವುದು ಒಂದೇ. ಪಕ್ಕದ ಮನೆಯವಳು ಬಂದಳು. "ಕೊನೇಲಿ ಏನಂದ್ಲಣ್ಣ?" ಹೇಳಿದ. ಭಾವಮೈದ ಬಂದ. "ಕೊನೇಲಿ ಏನಂದ್ಲು ಭಾವ?" ಹೇಳಿದ. ಆಮೇಲೆ ಒಬ್ಬ ಬಿಳಿ ಪೇಟದವನು ಬಂದ. ಗುರುತಿನವನಲ್ಲ. ಕಣ್ಣೊರೆಸಿಕೊಂಡೇ ಒಳಗೆ ಬಂದ.

"ಪುಟ್ಟತಾಯಮ್ಮನ ಕೈಯ ಮಜ್ಜಿಗೆ ಕುಡಿದವನು ನಾನು. ಪುಣ್ಯಾತ್ಗಿತ್ತಿ. ಕೊನೇಲಿ ಏನಾದ್ರೂ ಅಂದ್ರಾ ಯಜಮಾನ್ರೇ?"

ಚಿಕ್ಕೀರಯ್ಯ ಹೇಳಿದ. ಹೇಳಿದಷ್ಟೂ ಎದೆ ಹಗುರಾಗುತ್ತಿತ್ತು. ಬಿಳಿ ಪೇಟದವನು ಒಂದೊಂದು ಮಾತನ್ನೂ ಬಿಡದೆ ತಿರುಗಿ ಹೇಳಿಸಿಕೊಂಡು ಹೋದ.

ಮಾರನೆಯ ದಿನ ವಿದ್ಯಾಶಾಲೆಯಿಂದ ಚೆನ್ನಾಜಿ ಎಂಬುವಳು ಬಂದಳು. ಕಳ್ಳರ ಬುದ್ಧಿ ಓದುವವಳು. ಬಂದವಳೇ ಬಾಗಿಲಲ್ಲೇ ನಿಂತಳು.

"ತಾತ, ನಿಮ್ಮ ಗುಟ್ಟು ಏನು ಅಂತ ನಂಗೆ ಹೇಳಬೇಡಿ. ನಾನು ಕೇಳಿದ್ರೂ ಹೇಳಬೇಡಿ. ಒಂದೇ ಒಂದು ಹೇಳಿ. ಆ ಮಾತು ಬೇರೆ ಯಾರ ಕಿವಿಗಾದ್ರೂ ಬಿದ್ದಿದೆಯಾ?"

"ಯಾಕವ್ವ?"

"ಈ ವರ್ಷ ಮೂರು ಮನೆ ಕೈಬಿಟ್ಟು ಹೋದವು. ಕುಂಬಾರ್ತಿ ಮನೆ, ದೋಣಿಯವನ ಮನೆ, ಗಾಣದವರ ಮನೆ. ಬೀಗ ಒಡೆದಿಲ್ಲ, ಗಿಳಿ ಕದ್ದಿಲ್ಲ. ಮೂರೂ ಸಾವಿನ ಮನೆ. ಮೂವರೂ ಗುಟ್ಟಿಗೆ ಇಟ್ಟದ್ದು ಸತ್ತವರ ಕೊನೆ ಮಾತು. ಅದನ್ನ ಕಂಡುಹಿಡಿಯೋಕೆ ನಂಗೆ ಏಳು ತಿಂಗಳು ಬೇಕಾಯ್ತು."

ಚಿಕ್ಕೀರಯ್ಯ ಕೈಲಿದ್ದ ಹಗ್ಗ ಕೆಳಗಿಟ್ಟ. "ಊರಿಗೆಲ್ಲ ಹೇಳಿದ್ದೀನಿ ಕಣವ್ವ."

"ಮನೆ ಹೋಗುತ್ತೆ ತಾತ."

"ಮನೆ ಹೋಗ್ಲಿ. ಅವಳ ದನಿ?"

ಚೆನ್ನಾಜಿ ಅವನ ಕೈ ಹಿಡಿದು ಎಬ್ಬಿಸಿದಳು. ಹಕ್ಕಾಗಲಿ ಗುಟ್ಟಾಗಲಿ ಬದಲಿಸುವುದು ಸೋಮವಾರ ಮಾತ್ರ. ಅಂದು ಭಾನುವಾರ. ಇಬ್ಬರೂ ಗಿಳಿಮನೆಗೆ ಓಡಿದರು. ಬಾಗಿಲವನು "ಇವತ್ತು ರಜಾ" ಅಂದ. ಚೆನ್ನಾಜಿ ವಿದ್ಯಾಶಾಲೆಯ ಮುದ್ರೆ ತೋರಿಸಿದಳು. "ಓ, ಕಳ್ಳತನದ ಶಾಲೆಯವರು" ಅಂತ ನಕ್ಕು ಒಳಗೆ ಬಿಟ್ಟ. "ಹಕ್ಕು, ಗುಟ್ಟು ಮುಟ್ಟಬಾರದು ಮತ್ತೆ."

"ಎರಡೂ ಮುಟ್ಟಲ್ಲಪ್ಪ" ಅಂದಳು ಚೆನ್ನಾಜಿ. "ಆ ಕೊನೆ ಮಾತು ಕೇಳಿದ್ರೆ ಏನು ಅನ್ನಬೇಕು ಅಂತ ಗಿಳಿಗೆ ಕಲಿಸ್ತೀವಿ, ಅಷ್ಟೇ." ಚಿಕ್ಕೀರಯ್ಯನ ಕಡೆ ತಿರುಗಿದಳು. "ಯಾರಾದ್ರೂ ನಿಮ್ಮ ಅಡುಗೆಮನೆಗೆ ನುಗ್ಗಿದ್ರೆ ಅಜ್ಜಿ ಏನಂತಿದ್ರು?"

ಚಿಕ್ಕೀರಯ್ಯನಿಗೆ ಯೋಚಿಸಬೇಕಾಗಲಿಲ್ಲ.

ಸೋಮವಾರ. ಬಿಳಿ ಪೇಟದವನು ಬಂದ. ಗಿಳಿಯ ಕಿವಿಗೆ ಬಾಗಿದ. ಮೆಲ್ಲಗೆ ಹೇಳಿದ. "ಒಲೆ ಮೇಲೆ ಹಾಲಿಟ್ಟಿದ್ದೀನಿ. ಉಕ್ಕೋಕೆ ಬಿಡಬೇಡಿ."

ಗಿಳಿ ರೆಕ್ಕೆ ಬಡಿಯಿತು. ಪುಟ್ಟತಾಯಿಯ ದನಿ ಗಿಳಿಮನೆಯ ತುಂಬ ಮೊಳಗಿತು. "ಯಾವನೋ ನೀನು, ನನ್ನ ಒಲೆ ಹತ್ರ? ಹಾಲು ಮುಟ್ಟಿದ್ರೆ ಸೌಟು ಮುರಿಯೋ ಹಂಗೆ ಕೊಡ್ತೀನಿ. ರೀ, ಬನ್ನಿ ಇಲ್ಲಿ, ಕಳ್ಳ, ಕಳ್ಳ!"

ಬಿಳಿ ಪೇಟದವನು ಓಡಿದ. ಪೇಟ ಪಂಜರದ ಕೊಕ್ಕೆಗೆ ಸಿಕ್ಕಿಕೊಂಡಿತು. ಬಿಚ್ಚಿಕೊಳ್ಳುವಷ್ಟರಲ್ಲಿ ಕಾವಲಿನವರು ಹಿಡಿದರು. ಚಿಕ್ಕೀರಯ್ಯ ಕಂಬದ ಹಿಂದೆ ನಿಂತಿದ್ದ. ಎಷ್ಟೋ ದಿನದ ಮೇಲೆ ಅವನಿಗೆ ನಗು ಬಂತು.

ರಾಜನ ಮುಂದೆ ಕಳ್ಳ ಕೈಮುಗಿದ. "ಬುದ್ಧಿ, ನಾನು ಕದ್ದಿಲ್ಲ. ಕೇಳಿದೆ, ಅವರೇ ಹೇಳಿದ್ರು."

"ಅಳ್ತಾ ಇರೋರ ಹತ್ರ ಕೇಳಿದೆ" ಅಂದಳು ಚೆನ್ನಾಜಿ. "ಅದಕ್ಕೇ ಅದು ಕಳ್ಳತನ."

ರಾಜ ಮೂರು ಮನೆಯನ್ನೂ ಮೂವರಿಗೆ ತಿರುಗಿ ಕೊಡಿಸಿದ. ಕಳ್ಳನನ್ನು ಸೆರೆಗೆ ಹಾಕಿಸಿದ. ವಿದ್ಯಾಶಾಲೆಗೆ ಇನ್ನೊಂದು ಅಂಕಣ ಕಟ್ಟಿಸಿದ. ಬೆಕ್ಕಿನ ಮಾತಾಡಿದವರೇ ಕಲ್ಲು ಹೊತ್ತರು.

ಚಿಕ್ಕೀರಯ್ಯ ಅವತ್ತೇ ಗಿಳಿಗೆ ಹೊಸ ಗುಟ್ಟು ಹೇಳಿಕೊಟ್ಟ. ಏನು ಅಂತ ಚೆನ್ನಾಜಿಗೆ ಹೇಳಲಿಲ್ಲ. ನನಗೂ ಗೊತ್ತಿಲ್ಲ.

ನೀತಿ ಇಷ್ಟೇ ಮಕ್ಕಳೇ. ಎಲ್ಲರಿಗೂ ಹೇಳಬೇಕು ಅನ್ನಿಸುವ ಮಾತನ್ನು ಬೀಗ ಮಾಡಬೇಡಿ. ಅದನ್ನು ಹೇಳಿಕೊಳ್ಳಿ, ಹಗುರಾಗಿ. ಬೀಗಕ್ಕೆ ಯಾರಿಗೂ ಹೇಳದ ಮಾತು ಬೇರೆ ಇಡಿ.

ಮಾರನೆಯ ಬೆಳಿಗ್ಗೆ ಚಿಕ್ಕೀರಯ್ಯ ಬೂದಿ ಬಳಿದು ಒಲೆ ಹಚ್ಚಿದ. ಹಾಲಿಟ್ಟ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಹಾಲು ಏರಿತು. ಉಕ್ಕುವ ಮೊದಲೇ ಇಳಿಸಿದ.